ಹನ್ನೊಂದು ಕಾಲರ್‌ಗಳ ಹಿಂಜರಿತ

ನಾನು ಮೂವತ್ತಾರು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವಳು. ಅಷ್ಟು ವರ್ಷಗಳಲ್ಲಿ ನನ್ನ ಯಜಮಾನರು ದೇಶದ ಆರ್ಥಿಕ ಸ್ಥಿತಿಯ ಬಗ್ಗೆ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದವರಲ್ಲ. ಕೇಳುವುದೇನಿದ್ದರೂ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು. ಡಾಕ್ಟರೇಟ್ ಪಡೆದ ಹೆಂಡತಿ ಮನೆಯಲ್ಲಿ ಪುಕ್ಕಟೆಯಾಗಿ ಸಿಗುವಾಗ ಹೊರಗೆ ದುಡ್ಡು ಕೊಟ್ಟು ಅಭಿಪ್ರಾಯ ತರುವ ಗಂಡಸರು ಇನ್ನೆಷ್ಟು ಮನೆಗಳಲ್ಲಿದ್ದಾರೋ ನಾನರಿಯೆ.

ಆ ಮಂಗಳವಾರವೂ ಹಾಗೆಯೇ ಆಯಿತು. ಕುತ್ತಿಗೆಯ ಮೇಲೆ ಚೂರು ಕೂದಲು ಹೊತ್ತುಕೊಂಡು ಒಳಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಘೋಷಿಸಿದರು.

"ಕೇಳಿದ್ಯೇನೇ? ಆರ್ಥಿಕ ಹಿಂಜರಿತ ಬಂದಿದೆಯಂತೆ."

"ಯಾರು ಹೇಳಿದ್ದು?"

"ಕಟಿಂಗ್ ಶಾಪಿನವನು. ಗಡಿಯಾರದ ಮುಳ್ಳಿನ ಹಾಗೆ ಎರಡು ವಾರಕ್ಕೊಂದು ಸಲ ಬರ್ತಿದ್ದ ಹಳೇ ಗಿರಾಕಿಗಳು ಈಗ ಎರಡು ತಿಂಗಳಾದ್ರೂ ಮುಖ ತೋರಿಸಲ್ಲವಂತೆ. ಪಾಪ, ಹೇಳ್ತಾ ಹೇಳ್ತಾ ನನ್ನ ತಲೇನೇ ಸವರ್ತಿದ್ದ."

"ಕ್ಷೌರ ಮಾಡೋನು ತಲೆ ಸವರದೆ ಕಾಲು ಸವರ್ತಾನಾ? ಹಿಂಜರಿತ ಅಂದ್ರೆ ಏನು ಅಂತ ಗೊತ್ತೇನ್ರೀ ಅವನಿಗೆ? ಸತತ ಎರಡು ತ್ರೈಮಾಸಿಕ ಒಟ್ಟು ಉತ್ಪನ್ನ ಕುಸೀಬೇಕು. ಅದರ ಅಂಕಿಅಂಶ ಬರೋಕೆ ಇನ್ನೂ ಮೂರು ತಿಂಗಳಿದೆ."

"ಅಮ್ಮ, ಅಂಕಿಅಂಶ ಮೂರು ತಿಂಗಳಿಗೆ ಬರಲಿ," ಎಂದಳು ಮಗಳು. "ಬೀಗದಪ್ಪ ಶನಿವಾರಕ್ಕೇ ಉತ್ತರ ಕೇಳ್ತಿದಾರೆ."

ಇಲ್ಲಿ ಮಗಳ ವಿಷಯ ಹೇಳಬೇಕು. ಅವಳು ಹಲ್ಲಿನ ವೈದ್ಯೆ. ಎಂಟು ವರ್ಷದಿಂದ ಬೇರೆಯವರ ಕ್ಲಿನಿಕ್ಕಿನಲ್ಲಿ, ಬೇರೆಯವರ ಕುರ್ಚಿಯಲ್ಲಿ ಜನರನ್ನು ಕೂರಿಸಿಕೊಂಡು ಹಲ್ಲು ಕೀಳುತ್ತಿದ್ದಾಳೆ. ತನ್ನದೇ ಒಂದು ಕ್ಲಿನಿಕ್ ಆಗಬೇಕೆಂಬುದು ಅವಳ ಬಯಕೆ. ನಮ್ಮ ಬೀದಿಯಲ್ಲಿ ದರ್ಜಿಯ ಅಂಗಡಿಯ ಮೇಲಿನ ಮಹಡಿ ಖಾಲಿಯಾಗಿತ್ತು. ಮಾಲೀಕರು ಸೊಂಟಕ್ಕೆ ಹದಿನೇಳು ಬೀಗದ ಕೈಗಳ ಗೊಂಚಲು ಕಟ್ಟಿಕೊಂಡು ಓಡಾಡುವವರಾದ್ದರಿಂದ ಬೀದಿಗೆಲ್ಲ ಅವರು ಬೀಗದಪ್ಪ. ಅವರ ಮಹಡಿಗೆ ಬೆಳಕಿದೆ, ಮೆಟ್ಟಿಲು ಅಗಲವಾಗಿದೆ; ಒಂದೇ ಕೊರತೆಯೆಂದರೆ ಹಲ್ಲಿನ ಕುರ್ಚಿಯ ಬುಡಕ್ಕೆ ನೀರಿನ ಪೈಪ್ ಬೇಕು, ಅದಕ್ಕೆ ನೆಲ ಒಡೆಯಬೇಕು, ನೆಲ ಒಡೆಯಲು ಬೀಗದಪ್ಪ ಒಪ್ಪುತ್ತಿರಲಿಲ್ಲ. ಅದನ್ನು ಹೇಗಾದರೂ ಸಂಭಾಳಿಸಬಹುದು. ಮಗಳಿಗಿದ್ದ ನಿಜವಾದ ಅಂಜಿಕೆ ಬೇರೆ: ಕೆಲಸ ಬಿಟ್ಟು ಕ್ಲಿನಿಕ್ ತೆರೆದ ಮೇಲೆ ಕಾಲ ಕೆಟ್ಟರೆ? ಜನ ಮೊದಲು ಮುಂದೂಡುವುದೇ ಹಲ್ಲನ್ನು. ಹೊಟ್ಟೆಯನ್ನು ಮುಂದೂಡಲು ಬರುವುದಿಲ್ಲ. ಹಲ್ಲಿಗೆ ಲವಂಗ ಒತ್ತಿಕೊಂಡು ಆರು ತಿಂಗಳು ತಳ್ಳುತ್ತಾರೆ.

"ಕಾಲ ಕೆಟ್ಟಿದೆಯೋ ಇಲ್ಲವೋ, ಅಷ್ಟು ಹೇಳಮ್ಮ. ನೀನು ಹೂಂ ಅಂದ್ರೆ ತಗೋತೀನಿ, ಬೇಡ ಅಂದ್ರೆ ಬಿಡ್ತೀನಿ."

ಮೂವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಮನೆಯಲ್ಲಿ ನನ್ನ ವಿದ್ಯೆಗೆ ಬೇಡಿಕೆ ಹುಟ್ಟಿತು. ನನಗೆ ಆ ಕ್ಷಣದಲ್ಲಿ ಒಂದು ಯೋಚನೆ ಹೊಳೆಯಿತು. (ಹೊಳೆಯದೇ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು.) ಸರಕಾರಿ ಅಂಕಿಅಂಶ ಬರುವ ಮೊದಲೇ ಕಾಲದ ಬದಲಾವಣೆ ಕಸುಬಿನವರ ಕೈಗೆ ತಾಕಿರುತ್ತದೆ. ಕತ್ತರಿಗೆ, ಸೂಜಿಗೆ, ಉಳಿಗೆ ಅದು ಮೊದಲು ತಿಳಿಯುತ್ತದೆ. ಆದರೆ ಅವರ ಮಾತನ್ನು ನಮ್ಮ ಯಜಮಾನರಂತೆ ಹರಟೆಯಾಗಿ ಕೇಳಬಾರದು, ಶಾಸ್ತ್ರೀಯವಾಗಿ ಕೇಳಬೇಕು. ಕ್ಷೇತ್ರ ಸಮೀಕ್ಷೆ ಮಾಡಬೇಕು.

"ನಾಲ್ಕು ದಿನ ಕೊಡು. ಬೀದಿಯ ಕಸುಬಿನವರನ್ನೆಲ್ಲ ಕೇಳಿ ಹೇಳ್ತೀನಿ," ಎಂದೆ.

"ನಾನು ಈಗಷ್ಟೇ ಹೇಳಿದ್ದೂ ಅದೇ ಅಲ್ವಾ?" ಎಂದರು ಯಜಮಾನರು.

"ನೀವು ತಂದಿದ್ದು ಸುದ್ದಿ. ನಾನು ತರೋದು ದತ್ತಾಂಶ."

"ಕೂದಲು ಎರಡರಲ್ಲೂ ಒಂದೇ ಕಣೇ."

ಬುಧವಾರ ಬೆಳಿಗ್ಗೆ ಏಳು ಪ್ರಶ್ನೆಗಳ ಪಟ್ಟಿ ತಯಾರಾಯಿತು. ಜೊತೆಗೆ ಒಂದು ಕಟ್ಟುನಿಟ್ಟಿನ ನಿಯಮ: ಉತ್ತರ ಕೊಡುವವರು ಯಾವ ಗಿರಾಕಿಯ ಹೆಸರನ್ನೂ ಹೇಳಕೂಡದು. ಗೋಪ್ಯತೆ ಸಮೀಕ್ಷೆಯ ಬೆನ್ನೆಲುಬು. ನನ್ನ ವಿದ್ಯಾರ್ಥಿಗಳಲ್ಲಿ ಹೆಸರು ಬರೆದುಕೊಂಡು ಬಂದವರನ್ನು ನಾನು ಎರಡನೆಯ ಸಲ ಬಿಸಿಲಿಗೆ ಅಟ್ಟಿದ್ದುಂಟು.

ಮೊದಲು ದರ್ಜಿ. ಇಂಚುಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ನನಗೆ ಜಾಗ ಕೊಟ್ಟ. ಪ್ರಶ್ನೆ ಕೇಳಿದ ಕೂಡಲೇ ಯಾಕೋ ತಲೆ ತಗ್ಗಿಸಿದ.

"ಏನು ಹೇಳಲಿ ಮೇಡಂ. ಕಾಲರ್ ತಿರುಗಿಸೋ ಕೆಲಸ ನಾನು ಕಲ್ತಿದ್ದು ನಮ್ಮಪ್ಪನ ಹತ್ರ. ಸವೆದ ಕಾಲರ್ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹೊಲಿಯೋದು. ಇಪ್ಪತ್ತು ವರ್ಷದಿಂದ ಒಬ್ಬರೂ ಕೇಳಿರಲಿಲ್ಲ. ಈ ಎರಡು ತಿಂಗಳಲ್ಲಿ ಹನ್ನೊಂದು ಕಾಲರ್!"

"ಹನ್ನೊಂದು," ಎಂದು ಬರೆದುಕೊಂಡೆ.

"ಅದೂ ಯಾರು ಅಂತೀರಿ? ಓದಿದ ಜನ, ಮರ್ಯಾದಸ್ತ ಮನೆ..."

"ಹೆಸರು ಬೇಡ!" ಎಂದು ಕೈ ಅಡ್ಡ ಹಿಡಿದೆ.

"ಇಲ್ಲ ಇಲ್ಲ, ನಾನು ಯಾಕೆ ಹೇಳಲಿ? ಸತ್ತರೂ ಹೇಳಲ್ಲ ಮೇಡಂ," ಎಂದ. ಇಂಥ ಜವಾಬ್ದಾರಿಯುತ ಉತ್ತರಕಾರ ನನಗೆ ಕಾಲೇಜಿನ ಕಾಲದಲ್ಲಿ ಒಬ್ಬನೂ ಸಿಕ್ಕಿರಲಿಲ್ಲ.

ನಮ್ಮ ಯಜಮಾನರ ಅಂಗಿಗಳ ಕಾಲರ್‌ಗಳನ್ನೂ ಅಲ್ಲೇ ತಿರುಗಿಸಿಕೊಂಡು ಬರುವಂತೆ ನಾನು ಆಜ್ಞೆ ಮಾಡಿದ್ದು ನೆನಪಿಗೆ ಬಂತು. ಅವರು ವಿಮಾ ಕಚೇರಿಯಿಂದ ನಿವೃತ್ತರಾಗಿ ಎರಡೂವರೆ ತಿಂಗಳಾಗಿತ್ತು. ಅಂದಿನಿಂದ ಮನೆಯಲ್ಲಿ ಒಂದು ಸುಧಾರಣಾ ಕಾರ್ಯಕ್ರಮ ಜಾರಿಯಲ್ಲಿತ್ತು. ಕಚೇರಿಗೆ ಹೋಗದವರಿಗೆ ಹೊಸ ಅಂಗಿ ಏಕೆ, ಹೊಸ ಬೂಟು ಏಕೆ, ತಿಂಗಳಿಗೆ ಎರಡು ಕ್ಷೌರ ಏಕೆ? ಹಣದ ತಾಪತ್ರಯವೇನೂ ಇರಲಿಲ್ಲ, ಶಿಸ್ತಿನ ಪ್ರಶ್ನೆ. ಎಷ್ಟು ಅಂಗಿ ಹೋದವು ಎಂದು ನಾನು ಎಣಿಸಿರಲಿಲ್ಲ. ನೀತಿ ರೂಪಿಸುವುದು ನನ್ನ ಇಲಾಖೆ, ಜಾರಿ ಅವರದು. ಹನ್ನೊಂದು ಎಂದಾಗ ನನಗನ್ನಿಸಿದ್ದಿಷ್ಟು: ನಮ್ಮ ಮನೆಯ ವಿವೇಕ ಈಗ ಊರಿಗೂ ಬಂದಿದೆ, ಅದಕ್ಕೆ ಹಿಂಜರಿತ ಬರಬೇಕಾಯಿತು.

ಬೂಟು ರಿಪೇರಿಯವನು ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದಿಟ್ಟುಕೊಂಡು ಉತ್ತರಿಸಿದ.

"ಕಾಲ ಚೆನ್ನಾಗಿದ್ದಾಗ ಪಾಲಿಶ್ ಜಾಸ್ತಿ ಅಮ್ಮಾವ್ರೇ, ಕೆಟ್ಟಾಗ ಅಟ್ಟೆ ಜಾಸ್ತಿ. ಮೊನ್ನೆ ಒಬ್ಬರು ನಾಲ್ಕು ಜೊತೆ ತಂದ್ರು. ಎಲ್ಲಕ್ಕೂ ಹೊಸ ಅಟ್ಟೆ ಹೊಡಿ ಅಂದ್ರು. ಒಂದು ಜೊತೆಗಂತೂ ನಾನೇ ಕೈಮುಗಿದೆ, ಇದು ಮಣ್ಣಿಗೆ ಹೋಗೋ ಬೂಟು ಸ್ವಾಮಿ, ಬಿಟ್ಟುಬಿಡಿ ಅಂದೆ. 'ಮನೇಲಿ ಕೇಳಲ್ಲಪ್ಪ' ಅಂದ್ರು. ಅಷ್ಟು ಹೆದರಿದಾರೆ ಜನ."

'ಗ್ರಾಹಕರಲ್ಲಿ ಭೀತಿ' ಎಂದು ಬರೆದೆ.

ಫೋಟೋ ಸ್ಟುಡಿಯೋದವರು ಸ್ವಲ್ಪ ತಾತ್ವಿಕ ಸ್ವಭಾವದವರು. "ಸಂಸಾರದ ಫೋಟೋ ಸಂತೋಷದ್ದು, ಪಾಸ್‌ಪೋರ್ಟ್ ಫೋಟೋ ಸಂಕಟದ್ದು. ಕೆಲಸ ಹೋದವರು ಡಜನ್ ಲೆಕ್ಕದಲ್ಲಿ ತೆಗೆಸ್ತಾರೆ, ಅರ್ಜಿಗೆ ಅಂಟಿಸೋಕೆ. ಮೇಡಂ, ಈ ಸಲ ಅರವತ್ತು ದಾಟಿದ ಗಂಡ ಹೆಂಡತಿ ಬಂದು ಎರಡೆರಡು ಡಜನ್ ತಗೊಂಡ್ರು. ಈ ವಯಸ್ಸಲ್ಲಿ ಎಲ್ಲೆಲ್ಲಿ ಅರ್ಜಿ ಹಾಕ್ತಾರೋ! ಆ ಯಮ್ಮನಿಗೆ ಸ್ವಲ್ಪ ನಗಿ ಅಂದೆ. ಕ್ಯಾಮೆರಾನೇ ಹೆದರೋ ಹಾಗೆ ನೋಡಿದ್ರು."

ಆ ಹೆಂಗಸಿನ ಬಗ್ಗೆ ನನಗೆ ಗೌರವ ಮೂಡಿತು. ಪಾಸ್‌ಪೋರ್ಟ್ ಫೋಟೋದಲ್ಲಿ ನಗುವಂಥದ್ದೇನಿರುತ್ತದೆ? (ನಾವೂ ಅಲ್ಲೇ ಫೋಟೋ ತೆಗೆಸಿದ್ದೆವು. ಆದರೆ ನಮ್ಮದು ಪಿಂಚಣಿ ಅರ್ಜಿಗೆ. ಹಾಗಾಗಿ ಲೆಕ್ಕಕ್ಕೆ ಬರುವುದಿಲ್ಲ. ಅಧ್ಯಯನ ಮಾಡುವವರು ಅಧ್ಯಯನದೊಳಗೆ ಇರುವುದಿಲ್ಲ ಎಂಬುದು ನಮ್ಮ ಶಾಸ್ತ್ರದ ಮೂಲ ನಂಬಿಕೆ.)

ಕೊನೆಗೆ ಗುಜರಿ ಅಂಗಡಿಯವಳು. ತಕ್ಕಡಿಯ ಹಿಂದೆ ಹಳೇ ಪೇಪರಿನ ಸಿಂಹಾಸನ ಮಾಡಿಕೊಂಡು ಕುಳಿತಿದ್ದಳು.

"ರಟ್ಟಿನ ಡಬ್ಬ ಬಂದ್ರೆ ಕಾಲ ಚೆನ್ನಾಗಿದೆ ಅಂತ ತಿಳ್ಕೊಳ್ಳಿ. ಹೊಸ ಫ್ರಿಜ್ಜು, ಹೊಸ ಟೀವಿ ಎಲ್ಲ ಡಬ್ಬದಲ್ಲೇ ತಾನೆ ಬರೋದು? ಈಗೇನು ಬರ್ತಿದೆ ಗೊತ್ತಾ? ಪುಸ್ತಕ! ಇಟ್ಟಿಗೆ ಇಟ್ಟಿಗೆ ದಪ್ಪದ್ದು, ಮೂರು ಗಾಡಿ. ಓದಿದವರು ಓದಿದ್ದನ್ನೇ ತೂಕಕ್ಕೆ ಹಾಕ್ತಿದಾರೆ ಅಂದ್ರೆ ಇನ್ನು ಉಳಿದಿದ್ದೇನಮ್ಮ?"

ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ವರದಿ ಮಂಡಿಸಿದೆ. ಇಪ್ಪತ್ತೈದು ನಿಮಿಷ. ಕ್ಷೌರಿಕನ ಹೇಳಿಕೆಯನ್ನೂ ಪೂರಕ ಸಾಕ್ಷ್ಯವಾಗಿ ಸೇರಿಸಿಕೊಂಡೆ; ಅಷ್ಟು ಔದಾರ್ಯ ನನಗಿದೆ. ಐದು ಕಸುಬು, ಐದೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿದ್ದವು. ಇಷ್ಟು ಒಮ್ಮತ ನಾನು ಯಾವ ಸಮೀಕ್ಷೆಯಲ್ಲೂ ಕಂಡಿರಲಿಲ್ಲ. (ಅಲ್ಲೇ ಅನುಮಾನ ಬರಬೇಕಿತ್ತು. ವಿದ್ಯಾರ್ಥಿಯೊಬ್ಬ ಇದನ್ನೇ ತಂದಿದ್ದರೆ 'ಎಲ್ಲೋ ಕುಳಿತು ಬರೆದಿದ್ದೀಯ' ಎಂದು ಹಿಂದಿರುಗಿಸುತ್ತಿದ್ದೆ.)

"ಹಾಗಾದ್ರೆ ಬೇಡ ಅಂತೀಯಾ?" ಎಂದಳು ಮಗಳು.

"ನಾನು ಅಂತಿಲ್ಲ. ದತ್ತಾಂಶ ಅಂತಿದೆ."

ಅವಳು ವಾದ ಮಾಡಲಿಲ್ಲ. ಬೀಗದಪ್ಪನಿಗೆ ಫೋನ್ ಮಾಡಿ ಬೇಡವೆಂದಳು. ಅತ್ತಲಿಂದ ಬಹಳ ಹೊತ್ತು ಮಾತು ಕೇಳಿಸಿತು. ಫೋನ್ ಇಟ್ಟಾಗ ಅವಳ ಮುಖ ವಿಚಿತ್ರವಾಗಿತ್ತು.

"ಅಮ್ಮ, ನೆಲ ಒಡೆದು ಪೈಪ್ ಹಾಕಿಸಿಕೊಡ್ತಾರಂತೆ. ಸೋಮವಾರದವರೆಗೆ ಯೋಚನೆ ಮಾಡಿ ಡಾಕ್ಟರಮ್ಮ ಅಂತ ಗೋಗರೀತಿದಾರೆ."

"ಗಿರಾಕಿಯೇ ಬರದಿದ್ದರೆ ಆ ಪೈಪಿನ ನೀರಲ್ಲಿ ಯಾರು ಬಾಯಿ ಮುಕ್ಕಳಿಸೋದು?"

ಮಗಳು ಹಲ್ಲಿನ ಕುರ್ಚಿಗಳ ಚಿತ್ರಗಳಿದ್ದ ಪುಸ್ತಿಕೆಯನ್ನು ಎರಡಾಗಿ ಮಡಚಿ ಮೇಜಿನ ಖಾನೆಗೆ ಹಾಕಿದಳು. ಎಂಟು ತಿಂಗಳಿಂದ ಅದು ಅವಳ ದಿಂಬಿನ ಪಕ್ಕ ಇರುತ್ತಿತ್ತು. ಯಜಮಾನರು ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ.

ಸಮೀಕ್ಷೆಯ ಫಲಿತಾಂಶವನ್ನು ಉತ್ತರ ಕೊಟ್ಟವರಿಗೂ ತಿಳಿಸಬೇಕಾದ್ದು ಸಂಶೋಧಕರ ಧರ್ಮ. ಆದ್ದರಿಂದ ಭಾನುವಾರ ದರ್ಜಿಯ ಅಂಗಡಿಗೆ ಹೋದೆ. ಬೂಟು ರಿಪೇರಿಯವನೂ ಅಲ್ಲೇ ನಿಂತಿದ್ದ.

"ನಿಮ್ಮ ಅನುಮಾನ ನಿಜವಪ್ಪ. ಹಿಂಜರಿತ ಇದೆ," ಎಂದೆ.

"ಗೊತ್ತಿತ್ತು ಬಿಡಿ ಮೇಡಂ. ಎರಡನೇ ಹೊಲಿಗೆ ಮೆಷಿನ್ನಿಗೆ ಹೇಳಿದ್ದೆ, ಬುಧವಾರವೇ ಬೇಡ ಅಂದ್ಬಿಟ್ಟೆ."

"ಬುಧವಾರವೇ? ನನ್ನ ವರದಿ ಮುಗಿದದ್ದು ನಿನ್ನೆ."

"ವರದಿ ಯಾತಕ್ಕೆ ಮೇಡಂ? ಅರ್ಥಶಾಸ್ತ್ರ ಅರೆದು ಕುಡಿದವರು ನೀವು. ನಿಮ್ಮ ಮನೇಲೇ ಕಾಲರ್ ತಿರುಗಿಸ್ತಿದಾರೆ ಅಂದ್ಮೇಲೆ ನಮ್ಮಂಥವರು ಬುದ್ಧಿ ಕಲೀಬಾರ್ದಾ?"

ನನಗೆ ಸ್ಟೂಲು ಬೇಕಾಯಿತು.

"ಆ ಹನ್ನೊಂದು ಕಾಲರ್..."

"ನಿಮ್ಮ ಯಜಮಾನರದ್ದೇ. ಇನ್ಯಾರದ್ದು?"

"ನಾಲ್ಕು ಜೊತೆ ಬೂಟೂ ಅವರದ್ದೇ ಅಮ್ಮಾವ್ರೇ," ಎಂದ ಬೂಟಿನವನು, ಸಮಾಧಾನ ಹೇಳುವ ದನಿಯಲ್ಲಿ.

"ಮೊನ್ನೆಯೇ ಯಾಕಯ್ಯಾ ಹೇಳಲಿಲ್ಲ?"

"ಹೇಳೋಕೆ ಬಿಟ್ರಾ?" ಎಂದ ದರ್ಜಿ. "ಬಾಯಿ ತೆರೆದ್ರೆ 'ಹೆಸರು ಬೇಡ' ಅಂತ ಕೈ ಅಡ್ಡ ಹಿಡಿದ್ರಿ. ಮಾನಕ್ಕೆ ಅಂಜೋ ಮನೆ, ಸುದ್ದಿ ಹರಡಿದೆಯಾ ಅಂತ ನೋಡೋಕೆ ಬಂದಿದಾರೆ ಅಂದ್ಕೊಂಡ್ವಿ. ಸ್ಟುಡಿಯೋದವರೂ ಅದನ್ನೇ ಅಂದ್ರು. ಗುಜರಿಯವಳಂತೂ ಕಣ್ಣೀರು ಹಾಕಿದ್ಲು. ಒಂದು ಪುಸ್ತಕದ ಮೊದಲ ಹಾಳೇಲಿ ನಿಮ್ಮ ಹೆಸರಿತ್ತಂತೆ."

ಉತ್ತರಕಾರರು ಐವರು. ಗಿರಾಕಿ ಒಂದೇ ಮನೆ. ಮೂವತ್ತಾರು ವರ್ಷ 'ಮಾದರಿಯ ಗಾತ್ರ' ಎಂಬ ಅಧ್ಯಾಯವನ್ನು ಪಾಠ ಮಾಡಿದವಳು ನಾನು.

ತಪ್ಪಾದರೆ ತಿದ್ದುಪಡಿ ಪ್ರಕಟಿಸಬೇಕು. ಅಲ್ಲೇ ಪ್ರಕಟಿಸಿದೆ: ನಮಗೇನೂ ತೊಂದರೆಯಿಲ್ಲ, ಯಜಮಾನರು ನಿವೃತ್ತರಾದರು, ನಾನು ಪುಸ್ತಕದ ಕಪಾಟು ಚೊಕ್ಕ ಮಾಡಿದೆ, ಅಷ್ಟೇ. ಇಬ್ಬರೂ ಬಹಳ ಗೌರವದಿಂದ ಕೇಳಿದರು, ಒಂದಕ್ಷರವನ್ನೂ ನಂಬಲಿಲ್ಲ.

"ದೊಡ್ಡವರು ಹಾಗೇ ಹೇಳಬೇಕು," ಎಂದ ಬೂಟಿನವನು. "ಜನ ಗಾಬರಿಯಾಗಬಾರದಲ್ಲ."

ಮಾತಿಗೆ ಬೆಲೆಯಿಲ್ಲದ ಕಡೆ ಕೃತಿಯಿಂದ ತೋರಿಸಬೇಕು. ಯಜಮಾನರಿಗೆ ಆರು ಹೊಸ ಅಂಗಿ ಹೊಲಿಯಲು ಹೇಳಿದೆ. ಪಕ್ಕದ ಅಂಗಡಿಯಲ್ಲಿ ಅವರಿಗೊಂದು ನನಗೊಂದು ಹೊಸ ಜೊತೆ ಬೂಟು ಕೊಂಡೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಎರಡು ರಟ್ಟಿನ ಡಬ್ಬಗಳನ್ನು ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಮನೆಗೆ ಬಂದೆ. ಸರಕಾರಗಳು ಇದನ್ನು ಉತ್ತೇಜನ ಎಂದು ಕರೆಯುತ್ತವೆ.

ಯಜಮಾನರಿಗೆ ವಿಷಯ ಹೇಳಿದೆ. ಅವರು ಕುರ್ಚಿಯ ತೋಳು ಹಿಡಿದುಕೊಂಡು ನಕ್ಕರು, ನೀರು ಕುಡಿದು ಮತ್ತೆ ನಕ್ಕರು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ಯಲ್ಲೇ! ಅದಕ್ಕೇ ಆ ಕಟಿಂಗ್ ಶಾಪಿನವನು ನನ್ನ ತಲೆ ಸವರಿದ್ದು!"

ಸಂಜೆ ಐದಕ್ಕೆ ಬೀಗದಪ್ಪನ ಫೋನ್. ಮಗಳು ಮಾತಾಡಿ ಒಳಗೆ ಬಂದಳು.

"ಅಮ್ಮ, ಪೈಪ್ ಇಲ್ಲವಂತೆ. ಮಹಡೀನ ಈಗಲೇ ಕೊಡಲ್ಲವಂತೆ, ಇನ್ನೊಂದು ತಿಂಗಳು ಕಾದು ನೋಡ್ತಾರಂತೆ. ಪ್ರೊಫೆಸರ್ ಮೇಡಂ ಆರು ಅಂಗಿ, ಎರಡು ಜೊತೆ ಬೂಟು ಒಂದೇ ದಿನ ತಗೊಂಡ್ರು ಅಂದ್ರೆ ಬೆಲೆ ಎಲ್ಲ ಗಗನಕ್ಕೆ ಹೋಗೋದು ಖಂಡಿತ ಅಂತ ದರ್ಜಿ ಹೇಳಿದ್ನಂತೆ. ಬೀದೀಲಿ ಎಲ್ಲರೂ ಸೋಪು, ಎಣ್ಣೆ ತುಂಬಿಸಿಕೊಳ್ತಿದಾರಂತೆ. ಏನಮ್ಮ ಇದೆಲ್ಲ?"

ಹೇಳಿದೆ. ಕಾಲರಿನಿಂದ ಬೂಟಿನವರೆಗೆ, ಏನನ್ನೂ ಬಿಡದೆ. ಅವಳು ಕೈಕಟ್ಟಿ ನಿಂತು ಕೇಳಿದಳು. ಹಲ್ಲು ಕೀಳುವ ಮೊದಲು ಅವಳು ರೋಗಿಗಳನ್ನು ಹೀಗೇ ನೋಡುತ್ತಾಳೇನೋ.

"ಅಂದ್ರೆ ನಾನು ನಿನ್ನೆ ಬಿಟ್ಟಿದ್ದು ಅಪ್ಪನ ಹಳೇ ಅಂಗಿಗೋಸ್ಕರ."

"ದತ್ತಾಂಶದ ಸಂಗ್ರಹದಲ್ಲಿ ಒಂದು ದೋಷ..."

"ಅಮ್ಮ."

"ಹೌದು," ಎಂದೆ. "ತಪ್ಪು ನನ್ನದು. ನಾಳೆ ನಾನೇ ಹೋಗಿ ಅವರಿಗೆ ವಿವರಿಸ್ತೀನಿ."

"ಬೇಡ!" ಎಂದು ಅಪ್ಪ ಮಗಳು ಒಟ್ಟಿಗೆ ಕೂಗಿದರು.

"ನೀನು ಹೋದ್ರೆ ಒಂದು ಅರ್ಥ, ಹೋಗದಿದ್ರೆ ಇನ್ನೊಂದು," ಎಂದಳು ಮಗಳು. "ನಾನು ಬರೋವರೆಗೆ ಬಾಗಿಲಾಚೆ ಕಾಲಿಡಬೇಡ. ಏನನ್ನೂ ಕೊಳ್ಳಬೇಡ, ಏನನ್ನೂ ರಿಪೇರಿಗೆ ಕೊಡಬೇಡ. ಕಿಟಕಿ ಹತ್ರ ನಿಂತ್ರೂ ಮುಖದಲ್ಲಿ ಏನೂ ತೋರಿಸಬೇಡ."

"ಕೊನೇದು ಅವಳಿಗೆ ಕಷ್ಟವಿಲ್ಲ," ಎಂದರು ಯಜಮಾನರು. "ಸ್ಟುಡಿಯೋದವನನ್ನು ಕೇಳು."

ಸೋಮವಾರ ಬೆಳಿಗ್ಗೆ ಅವಳು ಒಬ್ಬಳೇ ಹೋದಳು. ನಾನು ಮನೆಯಲ್ಲಿ ಕುಳಿತೆ. ಹತ್ತೂವರೆಗೆ ಕ್ಷೌರಿಕ ಬಾಗಿಲು ತಟ್ಟಿ, ಮೇಡಂ ಬೆಳಿಗ್ಗೆಯಿಂದ ಕಾಣಿಸಲಿಲ್ಲ, ಬ್ಯಾಂಕುಗಳಿಗೇನಾದರೂ ಆಗಿದೆಯೇ ಎಂದು ವಿಚಾರಿಸಿದ. ಯಜಮಾನರು ಅವನನ್ನು ಮೆಟ್ಟಿಲಲ್ಲೇ ಸಂತೈಸಿ ಕಳಿಸಿದರು.

ಮಗಳು ಹನ್ನೆರಡಕ್ಕೆ ಬಂದಳು. ಕೈಯಲ್ಲಿ ಕರಾರು ಪತ್ರ.

"ಒಪ್ಪಿದ್ರಾ?"

"ಒಪ್ಪಿದ್ರು. ಪೈಪೂ ಹಾಕಿಸ್ತಾರೆ. ಇದ್ದದ್ದು ಇದ್ದ ಹಾಗೇ ಹೇಳ್ದೆ. 'ಸ್ವಾಮಿ, ಹಿಂಜರಿತವೂ ಇಲ್ಲ, ಬೆಲೆಯೇರಿಕೆಯೂ ಇಲ್ಲ. ಇರೋದು ನಮ್ಮಮ್ಮ ಒಬ್ಬರೇ' ಅಂದೆ. ಅವರಿಗೆ ತಕ್ಷಣ ಅರ್ಥವಾಯ್ತು. ಅವರ ಮನೇಲೂ ಒಬ್ಬರು ನಿವೃತ್ತ ಹೆಡ್‌ಮೇಡಂ ಇದಾರಂತೆ. ಸಾಕ್ಷಿಯಾಗಿ ನೀನು ಇಲ್ಲಿ ಸಹಿ ಹಾಕು."

ನಾನು ಓದದೆ ಸಹಿ ಹಾಕುವವಳಲ್ಲ. ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಓದಿದೆ. ಅವಧಿ ಸರಿಯಿತ್ತು, ಪೈಪಿನ ವಿಷಯ ಸ್ಪಷ್ಟವಾಗಿತ್ತು. ಒಂಬತ್ತನೆಯ ಷರತ್ತು ಹೀಗಿತ್ತು: 'ಬಾಡಿಗೆದಾರರ ತಾಯಿಯವರು ಸದರಿ ಮಹಡಿಯಲ್ಲಾಗಲಿ, ಮೆಟ್ಟಿಲುಗಳ ಮೇಲಾಗಲಿ, ಸದರಿ ಬೀದಿಯ ಯಾವುದೇ ಅಂಗಡಿಯಲ್ಲಾಗಲಿ, ಮೌಖಿಕವಾಗಿಯೋ ಲಿಖಿತವಾಗಿಯೋ ಯಾವುದೇ ಬಗೆಯ ಸಮೀಕ್ಷೆಯನ್ನು ನಡೆಸತಕ್ಕದ್ದಲ್ಲ.'

ಎರಡು ಸಲ ಓದಿದೆ. ಭಾಷೆ ಬಿಗಿಯಾಗಿತ್ತು, ನುಸುಳಲು ಎಲ್ಲೂ ಸಂದಿಯಿರಲಿಲ್ಲ. ಸಹಿ ಹಾಕಿದೆ.

"ಬೀಗದಪ್ಪ ಇಷ್ಟು ದೂರ ಯೋಚಿಸ್ತಾರೆ ಅಂದ್ಕೊಂಡಿರಲಿಲ್ಲ," ಎಂದೆ ಪೆನ್ನಿನ ಮುಚ್ಚಳ ಹಾಕುತ್ತ.

"ಅವರು ಬರೀ ಮಹಡಿ ಅಂತ ಬರೆಸಿದ್ರಮ್ಮ," ಎಂದಳು ಮಗಳು ಕಾಗದ ಮಡಚಿಕೊಂಡು. "ಮೆಟ್ಟಿಲು, ಬೀದಿ ಸೇರಿಸಿದ್ದು ನಾನು."